ಮೂವರಿಗೆಂದು ಆರಿಸಿದ ಕಡಲತೀರಗಳು

ಐವತ್ತರ ದಶಕದ ಕೊನೆಯ ಹೊತ್ತಿಗೆ ನಾವು ಬೆಳ್ತಂಗಡಿಗೆ ತಾಗಿದ ಲಾಯಿಲದಲ್ಲಿ ಬಾಡಿಗೆ ಮನೆಯೊಂದರಲ್ಲಿದ್ದೆವು. ನನ್ನ ಯಜಮಾನರು ತಾಲೂಕು ಕಚೇರಿಯಲ್ಲಿ ಸರ್ವೆಯರ್. ಬೆಳಿಗ್ಗೆ ಅಳತೆಯ ಸರಪಳಿ ಹೊತ್ತವನ ಜೊತೆ ಹೊರಟರೆ ಸಂಜೆ ಬರುವಾಗ ಮೊಣಕಾಲಿನವರೆಗೆ ಕೆಸರು. ದಿನವಿಡೀ ಅಣ್ಣತಮ್ಮಂದಿರ ಗಡಿ ಜಗಳದ ನಡುವೆ ನಿಂತು ಸುಸ್ತಾಗಿ ಬಂದವರು ಕಾಲು ತೊಳೆದು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಮೇಲೆಯೇ ಮನುಷ್ಯರಾಗುತ್ತಿದ್ದರು. ಮಗಳಿಗೆ ಆಗ ಐದು ತುಂಬಿರಲಿಲ್ಲ. ನಮಗೆ ಅವಳೊಬ್ಬಳೇ.

ಯಜಮಾನರ ಅಣ್ಣ, ನನಗೆ ಭಾವ, ಕೊಲಂಬೊದಲ್ಲಿ ಒಂದು ಬಟ್ಟೆ ವ್ಯಾಪಾರದ ಕಂಪೆನಿಯ ಗೋದಾಮು ನೋಡಿಕೊಳ್ಳುತ್ತಿದ್ದರು. ಮದುವೆಯಾಗಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದರೆ ಬಂಟ್ವಾಳದಲ್ಲಿ ತಂಗಿಯ ಮನೆಯಲ್ಲಿ ಎರಡು ವಾರ, ನಮ್ಮಲ್ಲಿ ಎರಡು ವಾರ ಇದ್ದು, ನಮ್ಮ ಮಗಳನ್ನು ಹೆಗಲಿನಿಂದ ಇಳಿಸದೆ ರಜೆ ಮುಗಿಸಿ ಹೋಗುತ್ತಿದ್ದರು. ಆ ವರ್ಷ ಮಳೆಗಾಲದ ಮೊದಲಿಗೆ ಅವರ ಕಾಗದ ಬಂತು: ಈ ಸಲ ನಾನು ಬರುವುದಿಲ್ಲ, ನೀವೇ ಬನ್ನಿ. ಡಿಸೆಂಬರಿನಲ್ಲಿ ಈ ದ್ವೀಪದ ಪಡುವಣ ಕಡಲೂ ತೆಂಕಣ ಕಡಲೂ ಶಾಂತವಾಗಿರುತ್ತವೆ, ಮಗುವನ್ನು ನೀರಿಗಿಳಿಸಬಹುದು. ನಾನು ನೋಡಿದ ಕಡಲತೀರಗಳ ಹೆಸರು ಕೆಳಗೆ ಬರೆದಿದ್ದೇನೆ, ಯಾವುದು ಬೇಕೋ ಆರಿಸಿ ತಿಳಿಸಿ, ಉಳಿದದ್ದು ನನಗಿರಲಿ.

ಕೆಳಗೆ ಹನ್ನೊಂದು ಹೆಸರುಗಳಿದ್ದವು. ಒಂದೊಂದರ ಎದುರು ಒಂದೊಂದು ಸಾಲು ವಿವರ.

ಕಡಲು ನಮಗೆ ಅಪರೂಪದ್ದಲ್ಲ. ಬಸ್ಸು ಹತ್ತಿದರೆ ಅರ್ಧ ದಿನದಲ್ಲಿ ಮಂಗಳೂರಿನ ಕಡಲು. ಆದರೆ ಸುತ್ತಲೂ ಕಡಲೇ ಇರುವ ನೆಲ ಎಂದಾಗ ಯಜಮಾನರ ಮುಖ ಬದಲಾಯಿತು. "ಆ ಜಾಗಕ್ಕೆ ಗಡಿ ತಕರಾರೇ ಇಲ್ಲ, ನೋಡು" ಎಂದರು. ಮರುದಿನ ಕಚೇರಿಯಿಂದ ನಕ್ಷೆ ಬರೆಯುವ ದಪ್ಪ ಕಾಗದ ತಂದು, ಶಾಲೆಯ ಭೂಪಟ ನೋಡಿ ದ್ವೀಪದ ಆಕಾರ ಬಿಡಿಸಿದರು. ಹನ್ನೊಂದು ತೀರಗಳಿಗೂ ಕೆಂಪು ಶಾಯಿಯ ಚುಕ್ಕಿ ಇಟ್ಟರು.

ಆ ಮಳೆಗಾಲವೆಲ್ಲ ನಮಗೆ ಅದೇ ಆಟ. ಹೊರಗೆ ಕಾಲಿಡಲಾಗದ ಸಂಜೆಗಳಲ್ಲಿ ನಕ್ಷೆ ಹಾಸಿ ಮೂವರೂ ಸುತ್ತ ಕೂರುತ್ತಿದ್ದೆವು. ರಜೆ ಸಿಕ್ಕಿದ್ದು ಸ್ವಲ್ಪ ದಿನಕ್ಕೆ. ಹೋಗಿ ಬರುವ ದಾರಿಗೇ ಬಹುಪಾಲು ಬೇಕು. ಮೂರು ತೀರಗಳಿಗಿಂತ ಹೆಚ್ಚು ನೋಡಲಾಗದು ಎಂದು ಯಜಮಾನರು ಲೆಕ್ಕ ಹಾಕಿದರು.

"ಹಾಗಾದ್ರೆ ಒಬ್ಬೊಬ್ಬರಿಗೆ ಒಂದೊಂದು" ಎಂದಳು ಮಗಳು.

ಯಜಮಾನರು ಮೌಂಟ್ ಲವೀನಿಯಾ ಆರಿಸಿದರು. ಅಲ್ಲಿ ಕಡಲಿಗೆ ಚಾಚಿದ ಬಂಡೆಯ ದಿಬ್ಬ ಇದೆ, ಅದರ ಮೇಲೆ ನಿಂತರೆ ತೀರ ಎರಡೂ ಕಡೆಗೆ ಬಾಗಿ ಹೋಗುವುದು ಕಾಣುತ್ತದೆ ಎಂದು ಭಾವ ಬರೆದಿದ್ದರು. ನನಗೆ ನೆಗೊಂಬೊ. ಮೀನುಗಾರರ ಊರು, ಅಲೆ ಕಡಿಮೆ; ಮಗುವನ್ನು ಹಿಡಿದುಕೊಂಡು ಕೂರಲು ಒಳ್ಳೆಯದು ಎನಿಸಿತು. ಮಗಳು ಮಾತ್ರ ತಿಂಗಳುಗಟ್ಟಲೆ ಮನಸ್ಸು ಬದಲಾಯಿಸಿದಳು. ಒಂದು ದಿನ ಕುದುರೆ ಇರುವ ಕಡಲು, ಇನ್ನೊಂದು ದಿನ ಗಾಳಿಪಟದ ಕಡಲು. ಕೊನೆಗೆ ಭಾವನ ಪಟ್ಟಿಯ ಕೆಳಗಿನ ಸಾಲಿನ ಹೆಸರನ್ನು, ಹಿಕ್ಕಡುವ ಎಂಬುದನ್ನು, ಅವಳ ಅಪ್ಪ ಓದಿ ಹೇಳಿದರು: ಇಲ್ಲಿ ದೋಣಿಯ ತಳಕ್ಕೆ ಗಾಜು ಹಾಕಿರುತ್ತಾರೆ, ಕೂತಲ್ಲಿಂದಲೇ ಕೆಳಗಿನ ಹವಳವೂ ಮೀನೂ ಕಾಣುತ್ತವೆ.

ಅವಳು ತುಂಬಾ ಹೊತ್ತು ಯೋಚಿಸಿದಳು.

"ಅಪ್ಪ, ಮೀನಿಗೂ ನಾವು ಕಾಣ್ತೇವಾ?"

"ಕಾಣದೆ ಏನು?"

"ಹಾಗಾದ್ರೆ ನಾನು ಹೊಸ ಲಂಗ ಹಾಕ್ತೇನೆ."

ಅಲ್ಲಿಗೆ ಆಯ್ಕೆ ಮುಗಿಯಿತು. ಯಜಮಾನರು ಅಣ್ಣನಿಗೆ ಬರೆದರು. ಪಾಸ್‌ಪೋರ್ಟಿಗೆ ಅರ್ಜಿ ಹೋಯಿತು. ನನ್ನದರಲ್ಲೇ ಮಗಳ ಹೆಸರೂ ಸೇರಿತು. ಹೊಸ ಲಂಗಕ್ಕೆ ಮೂಡಬಿದಿರೆಯ ಅಂಗಡಿಯಿಂದ ಹಳದಿ ಬಟ್ಟೆ ತಂದೆವು. ಶಿರ್ತಾಡಿಯ ತವರಿಗೆ ಹೋದಾಗ ಅವಳು ನನ್ನ ಅಮ್ಮನ ಎದುರು ಆ ಬಟ್ಟೆ ಹಿಡಿದು, ಇದನ್ನು ಮೀನು ನೋಡಲಿಕ್ಕೆ ಉಂಟು ಎಂದಳು. ಅಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ.

ನವರಾತ್ರಿಗೆ ಇನ್ನೂ ಒಂದು ವಾರವಿತ್ತು. ಸೋಮವಾರ ಅವಳಿಗೆ ಜ್ವರ ಬಂತು. ಗಂಟಲು ನೋವು ಎಂದಳು. ಕಾಳುಮೆಣಸಿನ ಕಷಾಯ ಮಾಡಿ ಕೊಟ್ಟೆ. ಮಂಗಳವಾರ ಡಾಕ್ಟರರು ಮಾತ್ರೆ ಕೊಟ್ಟರು. ಬುಧವಾರ ಬೆಳಿಗ್ಗೆ ಅವಳ ಉಸಿರಿನಲ್ಲಿ ಗರಗಸ ಎಳೆದಂಥ ಸದ್ದು. ಡಾಕ್ಟರರು ಟಾರ್ಚು ಬಿಟ್ಟು ಬಾಯಿಯೊಳಗೆ ನೋಡಿದವರು ನನ್ನ ಕಡೆ ತಿರುಗದೆ ಯಜಮಾನರಿಗೆ ಹೇಳಿದರು: "ಬಿಳಿ ಪೊರೆ ಕಟ್ಟಿದೆ, ಗಂಟಲಮಾರಿ. ಇದರ ಇಂಜೆಕ್ಷನ್ ಇಲ್ಲಿ ಇಲ್ಲ. ಮಂಗಳೂರಿಗೆ ಕರ್ಕೊಂಡು ಹೋಗಿ. ಈಗಲೇ."

ಒಂದು ಬಾಡಿಗೆ ಕಾರು ಸಿಕ್ಕಿತು. ನಾನು ಹಿಂದೆ ಅವಳನ್ನು ಎದೆಗೆ ನೆಟ್ಟಗೆ ಒರಗಿಸಿಕೊಂಡು ಕೂತಿದ್ದೆ. ಮಲಗಿಸಿದರೆ ಉಸಿರು ಸಿಗುತ್ತಿರಲಿಲ್ಲ. ಮಡಂತ್ಯಾರಿನಲ್ಲಿ ಆ ದಿನ ಸಂತೆಯಂಥ ಜನ. ರಸ್ತೆಗೆ ಅಡ್ಡ ನಿಂತ ಎತ್ತಿನ ಗಾಡಿ ಸರಿಯುವವರೆಗೆ ಕಾರು ನಿಂತಿತು. ಅವಳು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು, ಕಣ್ಣು ತೆರೆದೇ ಇತ್ತು. ಬಂಟ್ವಾಳ ಇನ್ನೂ ಕೆಲವು ಮೈಲಿ ಇರುವಾಗ ಆ ಸದ್ದು ನಿಂತಿತು. ಕಡಿಮೆಯಾಯಿತು ಎಂದು ನಾನು ತಿಳಿದೆ. "ಈಗ ಆರಾಮ ಉಂಟು, ಸದ್ದು ಇಲ್ಲ" ಎಂದು ಮುಂದೆ ಕೂತಿದ್ದ ಯಜಮಾನರಿಗೆ ಹೇಳಿದ್ದೂ ನಾನೇ. ಅವರು ಹಿಂದೆ ತಿರುಗಿ ನೋಡಿದರು. ಆ ಮುಖ ನೋಡಿ ನನಗೆ ತಿಳಿಯಿತು.

ಕಾರು ಬಂಟ್ವಾಳದಲ್ಲಿ ನಾದಿನಿಯ ಮನೆಯ ಮುಂದೆ ನಿಂತಿತು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಜನ ಬಂದರು, ಹೋದರು. ನಾದಿನಿ ಒಮ್ಮೆ ಕೇಳಿದ್ದು ನೆನಪಿದೆ: "ಅಣ್ಣನಿಗೆ ಕೊಲಂಬೊಗೆ ತಿಳಿಸಬೇಕಲ್ಲ?" ಯಜಮಾನರು, "ನಾನು ಬರೀತೇನೆ" ಎಂದರು. ಕೆಲವು ದಿನ ಬಿಟ್ಟು ಅವಳು ಮತ್ತೆ ಕೇಳಿದಾಗ, "ಬರೆದಾಯ್ತು" ಎಂದರು.

ನವೆಂಬರಿನಲ್ಲಿ ಪಾಸ್‌ಪೋರ್ಟು ಬಂತು. ನಾನು ಅದನ್ನು ತೆರೆಯಲಿಲ್ಲ. ಪ್ರಯಾಣದ ಮಾತು ಮುಗಿದುಹೋದದ್ದು ಎಂದೇ ನನ್ನ ಎಣಿಕೆ. ಆದರೆ ಒಂದು ಸಂಜೆ ಅವರು ಕಾಲು ತೊಳೆದು ಬಂದು, ಒರಸಿಕೊಳ್ಳದೆ ಹಾಗೆಯೇ ನಿಂತು ಹೇಳಿದರು: "ಹೋಗುವ."

"ಎಲ್ಲಿಗೆ?"

"ಅವಳ ಜೊತೆ ಹೊರಟಿದ್ದಲ್ಲಿಗೇ, ಕೊಲಂಬೊಗೆ. ಈ ಮನೆಯಲ್ಲಿ ಹೀಗೇ ಕೂತರೆ ನಾವಿಬ್ಬರೂ ಉಳಿಯುವುದಿಲ್ಲ ಮಾರಾಯ್ತಿ."

ಬೇಡ ಎನ್ನಲು ಬೇಕಾದ ಶಕ್ತಿಯೂ ನನ್ನಲ್ಲಿರಲಿಲ್ಲ. ಮಗು ಹೋಗಿ ಮೂರು ತಿಂಗಳಾಗಿಲ್ಲ, ಇವರಿಗೆ ಪ್ರವಾಸವಂತೆ ಎಂದು ನೆಂಟರು ಆಡಿಕೊಂಡದ್ದು ಕಿವಿಗೆ ಬಿತ್ತು. ಅವರ ಮಾತಿನಲ್ಲಿ ನನಗೆ ತಪ್ಪು ಕಾಣಲಿಲ್ಲ.

ಮಂಗಳೂರಿನಿಂದ ರೈಲು, ಇನ್ನೊಂದು ರೈಲು, ಮತ್ತೊಂದು ರೈಲು. ಮಂಡಪದಲ್ಲಿ ಹಡಗಿಗೆ ಹೋಗುವವರನ್ನೆಲ್ಲ ಇಳಿಸಿ ಚುಚ್ಚುಮದ್ದಿನ ಚೀಟಿ ನೋಡಿದರು. ಅಧಿಕಾರಿ ನನ್ನ ಪಾಸ್‌ಪೋರ್ಟು ಮಗುಚಿ, ನನ್ನ ಅಕ್ಕಪಕ್ಕ ನೋಡಿ, ಮಗುವಿನ ಚೀಟಿ ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಅವಳು ಬರಲಿಲ್ಲ" ಎಂದರು ಯಜಮಾನರು.

ಆತ ತಲೆಯಾಡಿಸಿ ಠಸ್ಸೆ ಹೊಡೆದ. ಬರಲಿಲ್ಲ ಎಂಬ ಮಾತು ನನ್ನೊಳಗೆ ಉಳಿದುಕೊಂಡಿತು. ಅಜ್ಜಿಯ ಮನೆಯಲ್ಲಿ ಬಿಟ್ಟು ಬಂದವರು ಹೇಳುವ ಹಾಗೆ ಅವರು ಹೇಳಿದ್ದರು. ಧನುಷ್ಕೋಡಿಯಲ್ಲಿ ಹಡಗು ಹತ್ತಿ, ಆಚೆ ದಡದಲ್ಲಿ ಮತ್ತೆ ರೈಲು ಹಿಡಿದು, ಬೆಳಕು ಹರಿದ ಮೇಲೆ ಕೊಲಂಬೊ ತಲುಪಿದೆವು.

ಭಾವ ಸ್ಟೇಷನ್ನಿನಲ್ಲಿ ನಿಂತಿದ್ದರು. ಬಿಳಿ ಶರ್ಟು, ಬಿಳಿ ಪಂಚೆ. ಕೈಯಲ್ಲಿ ಹುಲ್ಲಿನಿಂದ ಹೆಣೆದ ಒಂದು ಸಣ್ಣ ಟೋಪಿ, ಅದರ ಸುತ್ತ ಕೆಂಪು ಪಟ್ಟಿ. ನಮ್ಮನ್ನು ಕಂಡು ದಾಪುಗಾಲಿನಲ್ಲಿ ಬಂದರು. ನಗುತ್ತಲೇ ನಮ್ಮ ಹಿಂದೆ ಬಗ್ಗಿ ನೋಡಿದರು, ಅವಳು ನನ್ನ ಸೆರಗಿನ ಹಿಂದೆ ಅಡಗಿರಬೇಕು ಎಂದು.

"ಎಲ್ಲಿ ಅವಳು? ದೊಡ್ಡಪ್ಪನಿಗೆ ಹೆದರಿದಳಾ?"

ನಾನು ಯಜಮಾನರತ್ತ ತಿರುಗಿದೆ. ಅವರು ನೆಲ ನೋಡುತ್ತಿದ್ದರು. ಬರುವ ದಿನವನ್ನಷ್ಟೇ ತಿಳಿಸಿದ್ದರು, ಇದನ್ನು ಬರೆದೇ ಇರಲಿಲ್ಲ. ಅಷ್ಟು ದಿನವೂ, ಆ ದಾರಿಯುದ್ದಕ್ಕೂ, ಅವರಿಗೆ ಇದು ಗೊತ್ತಿತ್ತು.

ಹೇಳಿದವಳು ನಾನು. ಜನರ ನೂಕುನುಗ್ಗಲಿನ ನಡುವೆ, ಕೂಲಿಗಳು ಪೆಟ್ಟಿಗೆ ಹೊತ್ತು ಓಡಾಡುವ ಆ ಜಾಗದಲ್ಲಿ, ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದೆ. ಭಾವ ಅಲ್ಲೇ ನಮ್ಮ ಟ್ರಂಕಿನ ಮೇಲೆ ಕುಸಿದು ಕೂತರು. ತಮ್ಮನನ್ನು ನೋಡಿ, "ನೀನು ಎಂಥ ಮನುಷ್ಯ?" ಎಂದು ಕೇಳಿದರು. ಕೋಪವಿರಲಿಲ್ಲ, ನಿಜಕ್ಕೂ ತಿಳಿಯದೆ ಕೇಳಿದ ಹಾಗಿತ್ತು.

ಭಾವ ತಮ್ಮ ಕೋಣೆಯಲ್ಲಿ ನಮ್ಮಿಬ್ಬರನ್ನೇ ಬಿಟ್ಟು ಕೆಲಸಕ್ಕೆ ಹೋದ ಮೇಲೆ ನಾನು ಯಜಮಾನರನ್ನು ಕೇಳಿದೆ: "ಯಾಕೆ ಬರೀಲಿಲ್ಲ?"

"ನಾಲ್ಕು ಸಲ ಕೂತೆ" ಎಂದರು. "ಬರೆದರೆ ಅದು ಆದ ಹಾಗೇ ಆಗ್ತದೆ."

"ಆಗಿದೆ."

"ನಿನಗೆ ಆಗಿದೆ. ಅಣ್ಣನಿಗೆ ಇನ್ನೂ ಆಗಿರಲಿಲ್ಲ. ಅವ ದಿನವೂ ಅವಳ ದಾರಿ ಕಾಯ್ತಾ ಇದ್ದ. ಅದೊಂದು ಕಡೆಯಾದರೂ ಅವಳು ಉಳಿಯಲಿ ಅಂತ..."

ನನಗೆ ಅವರ ಮೇಲೆ ಕನಿಕರ ಬರಬೇಕಿತ್ತು. ಬರಲಿಲ್ಲ. ಆ ಸ್ಟೇಷನ್ನಿನಲ್ಲಿ ಅವಳನ್ನು ಇನ್ನೊಮ್ಮೆ ನನ್ನ ಬಾಯಿಯಿಂದಲೇ ಸಾಯಿಸಿದರಲ್ಲ ಎಂಬ ಸಿಟ್ಟೊಂದೇ ಇತ್ತು.

ಮರುದಿನ ಬೆಳಿಗ್ಗೆ ಅವರು ಚೀಲದಿಂದ ನಕ್ಷೆ ತೆಗೆದು ಹಾಸಿದರು. ತಂದಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. "ಇವತ್ತು ಎಲ್ಲಿಗೆ?" ಎಂದು ಕೇಳಿದರು. ಅವರೇ ತಮ್ಮ ಬೆರಳು ಮೌಂಟ್ ಲವೀನಿಯಾದ ಮೇಲೆ ಇಟ್ಟರು.

ಹೋದೆವು. ಬಂಡೆಯ ದಿಬ್ಬದ ಮೇಲೆ ನಿಂತು ಅವರು ತೀರದ ಬಾಗು ನೋಡಿದರು. ನಾನು ಕೆಳಗೆ ತೆಂಗಿನ ನೆರಳಿನಲ್ಲಿ ಕೂತಿದ್ದೆ. ಭಾವ ಬರೆದದ್ದೆಲ್ಲ ನಿಜವಾಗಿತ್ತು. ಕಡಲು ಹಸಿರು, ಮರಳು ಚೊಕ್ಕಟ. ಅರ್ಧ ಗಂಟೆಗೆಲ್ಲ ಅವರು ಇಳಿದು ಬಂದು, "ಆಯ್ತು" ಎಂದರು, ಒಂದು ಗದ್ದೆಯ ಅಳತೆ ಮುಗಿಸಿದಂತೆ.

ನೆಗೊಂಬೊ ನಾನೇ ಆರಿಸಿದ್ದು. ಅಲ್ಲಿ ಹೆಂಗಸರು ಮರಳಿನ ಮೇಲೆ ಚಾಪೆ ಹಾಸಿ ಮೀನು ಒಣಗಿಸುತ್ತಿದ್ದರು. ಒಬ್ಬಳ ಮಗು, ಇನ್ನೂ ನಡಿಗೆ ಕಲಿಯುತ್ತಿದ್ದದ್ದು, ತೂರಾಡುತ್ತ ಬಂದು ನನ್ನ ಮೊಣಕಾಲು ಹಿಡಿದು ನಿಂತಿತು. ಅದರ ಅಂಗೈ ಬಿಸಿಯಾಗಿತ್ತು, ಮರಳು ಅಂಟಿತ್ತು. ಅದರ ತಾಯಿ ನನ್ನತ್ತ ನಕ್ಕಳು. ನಾನು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎದ್ದು ರಸ್ತೆಯ ಕಡೆ ನಡೆದೆ. ಹಿಂದೆ ಮಗು ಅಳುವುದು ಕೇಳಿಸಿತು. ಅಂಥವಳಾಗಿದ್ದೆ ನಾನು ಆಗ.

ಮೂರನೆಯದಕ್ಕೆ ನಾನು ಬರುವುದಿಲ್ಲ ಎಂದೆ. ಭಾವನೂ ಬೇಡವೆಂದರು: "ಸಾಕು ಮಾರಾಯ. ಇಲ್ಲೇ ಎರಡು ದಿನ ಸುಮ್ಮನೆ ಇದ್ದು ಹೋಗಿ." ಯಜಮಾನರು ಯಾರ ಜೊತೆಯೂ ವಾದ ಮಾಡಲಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಶರ್ಟಿನ ಗುಂಡಿ ಹಾಕಿಕೊಂಡು ಬಾಗಿಲ ಬಳಿ ನಿಂತರು.

"ಒಬ್ಬೊಬ್ಬರಿಗೆ ಒಂದೊಂದು ಅಂತ ಹೇಳಿದ್ದು" ಎಂದರು. "ನಮ್ಮದೆರಡೂ ನೋಡಿ ಆಯ್ತು."

ನಾನು ಚಪ್ಪಲಿ ಮೆಟ್ಟಿ ಹೊರಟೆ. ಅವರನ್ನು ಒಬ್ಬರನ್ನೇ ಕಳಿಸಲು ನನಗೆ ಭಯವಾಯಿತು.

ಹಿಕ್ಕಡುವದಲ್ಲಿ ರೈಲು ಇಳಿದು ಸ್ವಲ್ಪ ನಡೆದರೆ ಕಡಲು. ಭಾವ ತಿಂಗಳ ಹಿಂದೆಯೇ ಹೇಳಿಟ್ಟಿದ್ದ ದೋಣಿಯವನು ಕಾಯುತ್ತಿದ್ದ. ವಯಸ್ಸಾದವನು, ಹರಕುಮುರುಕು ತಮಿಳು ಬರುತ್ತಿತ್ತು. ದೋಣಿಯ ನಡುವೆ, ಗಾಜಿನ ಪಕ್ಕ, ಒಂದು ಪುಟ್ಟ ಮಣೆ ಇಟ್ಟಿದ್ದ. ನಮ್ಮಿಬ್ಬರನ್ನು ನೋಡಿ ಕೈಯನ್ನು ಸೊಂಟದೆತ್ತರಕ್ಕೆ ಹಿಡಿದು, ಚಿಕ್ಕವಳು ಎಲ್ಲಿ ಎಂದು ಕೇಳಿದ. ಯಜಮಾನರು ದೋಣಿ ಹತ್ತಿದರು. ಅವನು ಮಣೆ ತೆಗೆಯಲು ಬಗ್ಗಿದಾಗ, ಬೇಡ, ಇರಲಿ ಎಂದು ಕೈ ಸನ್ನೆ ಮಾಡಿದರು.

ಮಣೆಯ ಆಚೆ ಅವರು, ಈಚೆ ನಾನು. ದಡದಿಂದ ದೂರವೇನೂ ಹೋಗಲಿಲ್ಲ. ನೀರು ತಿಳಿಯಾಗಿತ್ತು. ಅವರು ಮುಂದಕ್ಕೆ ಬಾಗಿ ಗಾಜಿನ ಮೇಲೆ ದೃಷ್ಟಿ ನೆಟ್ಟಿದ್ದರು. ಆಮೇಲೆ ಮೆಲ್ಲನೆ, ಮನೆಯಲ್ಲಿ ಮಾತಾಡುವ ತುಳುವಿನಲ್ಲಿ, ಅವರು ಹೇಳತೊಡಗಿದರು.

"ಅಗೋ ನೋಡು, ಹಳದಿ ಮೀನು. ನಿನ್ನ ಲಂಗದ್ದೇ ಬಣ್ಣ. ಇಕೋ, ಇದು ಕಲ್ಲಲ್ಲ ಮಗಾ, ಹವಳ. ಮುಟ್ಟಲಿಕ್ಕೆ ಆಗುವುದಿಲ್ಲ, ಗಾಜು ಉಂಟಲ್ಲ... ಅದು ನಿನ್ನನ್ನೇ ನೋಡ್ತಾ ಉಂಟು, ನೋಡು."

ಅವರು ನನ್ನ ಜೊತೆ ಮಾತಾಡುತ್ತಿರಲಿಲ್ಲ. ತಮ್ಮೊಳಗೂ ಮಾತಾಡುತ್ತಿರಲಿಲ್ಲ. ನಡುನಡುವೆ ನಿಲ್ಲಿಸಿ, ಪ್ರಶ್ನೆ ಕೇಳಿಸಿಕೊಂಡವರ ಹಾಗೆ ತಲೆ ವಾರೆ ಮಾಡಿ, ಉತ್ತರ ಕೊಡುತ್ತಿದ್ದರು. ಮುಖದಲ್ಲಿ ನಗು ಇತ್ತು. ಆ ಮೂರು ತಿಂಗಳಲ್ಲಿ ನಾನು ನೋಡಿರದ ನಗು.

ನಾನೂ ಬಗ್ಗಿ ನೋಡಿದೆ. ಅವರಿಗೆ ಸಿಕ್ಕಿದ್ದು ನನಗೂ ಸಿಗಬಹುದು ಎಂಬ ಆಸೆ. ಗಾಜಿನಲ್ಲಿ ನನ್ನ ಮುಖ ಕಂಡಿತು, ಅದರ ಕೆಳಗೆ ಮೀನುಗಳು ಅತ್ತಿತ್ತ ಹೋಗುತ್ತಿದ್ದವು. ಮೀನುಗಳು, ಅಷ್ಟೆ. ಮಣೆ ಬರಿದಾಗಿತ್ತು.

"ಸಾಕು" ಎಂದೆ.

ಅವರಿಗೆ ಕೇಳಿಸಲಿಲ್ಲ.

"ಸಾಕು! ಅವಳಿಲ್ಲ ಇಲ್ಲಿ!"

ನನ್ನ ಕೂಗಿಗೆ ದೋಣಿಯವನು ಹುಟ್ಟು ನಿಲ್ಲಿಸಿದ. ಯಜಮಾನರು ತಲೆ ಎತ್ತಿದರು. ನಿದ್ದೆಯಲ್ಲಿ ನಡೆಯುತ್ತಿದ್ದವನನ್ನು ಎಬ್ಬಿಸಿದರೆ ಹೇಗೆ ನೋಡುತ್ತಾನೋ ಹಾಗೆ ನನ್ನನ್ನು ನೋಡಿದರು. ನಗು ಮುಖದಿಂದ ಒಮ್ಮೆಲೇ ಹೋಗಲಿಲ್ಲ, ಸ್ವಲ್ಪಸ್ವಲ್ಪವಾಗಿ ಹೋಯಿತು. ಅದು ಹೋಗುವುದನ್ನು ನಾನು ಕೂತು ನೋಡಿದೆ. ಆಮೇಲೆ ಅವರು ದೋಣಿಯವನಿಗೆ ದಡದ ಕಡೆ ಕೈ ತೋರಿಸಿದರು.

ಅವರನ್ನು ಅಲ್ಲಿಂದ ಎಳೆದು ತಂದದ್ದು ಸರಿಯೇ ಎಂದು, ರಾತ್ರಿ ವಿಷಯ ಕೇಳಿದ ಭಾವ ಹೇಳಿದರು. ಇರಬಹುದು. ಆದರೆ ನಾನು ಕೂಗಿದ್ದು ಅವರ ಒಳಿತಿಗಲ್ಲ. ಅವರಿಗೆ ಅವಳು ಕಂಡಳು, ನನಗೆ ಕಾಣಲಿಲ್ಲ; ಆ ಹೊಟ್ಟೆಕಿಚ್ಚು ತಡೆಯಲಾಗದೆ ಕೂಗಿದೆ. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಊರಿಗೆ ಹಿಂತಿರುಗಿದ ಮೇಲೆ ಯಜಮಾನರು ಮೊದಲಿನ ಹಾಗೆಯೇ ಕೆಲಸಕ್ಕೆ ಹೋದರು. ನಕ್ಷೆ ಏನಾಯಿತೋ, ನಾನು ಹುಡುಕಲಿಲ್ಲ. ಅವರು ಒಳ್ಳೆಯ ಸರ್ವೆಯರ್ ಎಂದೇ ಹೆಸರಾಗಿದ್ದರು. ನನ್ನ ಮೇಲೆ ಒಮ್ಮೆಯೂ ದನಿ ಎತ್ತಲಿಲ್ಲ, ಊಟ ಚೆನ್ನಾಗಿಲ್ಲ ಎನ್ನಲಿಲ್ಲ. ಆದರೆ ನನ್ನ ಎದುರು ಮಗಳ ಮಾತು ಎತ್ತುವುದನ್ನು ಆ ದೋಣಿಯಲ್ಲೇ ಬಿಟ್ಟಿದ್ದರು. ನಾನು ಎತ್ತಿದರೆ ಎದ್ದು ಅಂಗಳಕ್ಕೆ ಹೋಗುತ್ತಿದ್ದರು. ಎಲ್ಲಿಯೋ ಅವರು ಅವಳ ಜೊತೆ ಮಾತಾಡುತ್ತಿದ್ದಾರೆ, ನನಗೆ ಕೇಳದ ಹಾಗೆ ಎಚ್ಚರ ವಹಿಸುತ್ತಿದ್ದಾರೆ ಎಂದು ನನಗೆ ಅನಿಸುತ್ತಿತ್ತು. ಬೇರೆ ಮಕ್ಕಳು ಆಗಲಿಲ್ಲ. ಭಾವನೂ ಆಮೇಲೆ ಊರಿಗೆ ಬರುವುದನ್ನು ಕಡಿಮೆ ಮಾಡಿದರು. ಬಂದರೂ ನಮ್ಮಲ್ಲಿ ಊಟ ಮಾಡಿ ಸಂಜೆಯ ಬಸ್ಸಿಗೇ ಬಂಟ್ವಾಳಕ್ಕೆ ಮರಳುತ್ತಿದ್ದರು.

ಅರವತ್ತರ ದಶಕದ ನಡುವಿನಲ್ಲಿ ಯಜಮಾನರಿಗೆ ಬಂಟ್ವಾಳಕ್ಕೇ ವರ್ಗವಾಯಿತು. ಹೊಸ ಬಿಡಾರಕ್ಕೆ ಸಾಮಾನು ಇಳಿಸಿದ ದಿನ ಪಕ್ಕದ ಮನೆಯಾಕೆ ನೋಡಿಹೋಗಲು ಬಂದಳು. ನಾನು ಕಾಫಿ ಕೊಟ್ಟೆ. ಯಜಮಾನರು ಕಿಟಕಿಯ ಬಳಿ ಮಂಚದ ಕಾಲು ಜೋಡಿಸುತ್ತಿದ್ದರು. ನಮ್ಮ ವಿಷಯ ಏನೂ ತಿಳಿಯದ ಆಕೆ, ಎಲ್ಲರೂ ಕೇಳುವುದನ್ನೇ ಕೇಳಿದಳು: "ಮಕ್ಕಳೆಷ್ಟು ನಿಮಗೆ?"

"ಇಲ್ಲ" ಎಂದೆ ನಾನು.

"ಒಬ್ಬಳು" ಎಂದರು ಅವರು, ಅದೇ ಗಳಿಗೆಯಲ್ಲಿ.

ಆಕೆ ಒಮ್ಮೆ ನನ್ನನ್ನೂ ಒಮ್ಮೆ ಅವರನ್ನೂ ನೋಡಿದಳು. ನಾವಿಬ್ಬರೂ ತಿದ್ದಲಿಲ್ಲ. ಆಕೆ ಕಾಫಿ ಬೇಗ ಕುಡಿದು, ಒಲೆಯ ಮೇಲೆ ಅನ್ನ ಇಟ್ಟು ಬಂದಿದ್ದೇನೆ ಎಂದು ಎದ್ದಳು. ನಾನು ಅವಳನ್ನು ಮೆಟ್ಟಿಲವರೆಗೆ ಕಳಿಸಿ ಬಂದೆ. ಅವರು ಮಂಚ ಜೋಡಿಸಿ ಮುಗಿಸಿ, ಅಲುಗಾಡುತ್ತದೆಯೋ ಎಂದು ಕೈಯಿಂದ ಒತ್ತಿ ನೋಡುತ್ತಿದ್ದರು.